ರೊಟ್ಟಿ ಕೈಚೀಲದಲ್ಲಿ, ಪ್ರಸಂಗ ಪೆಟ್ಟಿಗೆಯಲ್ಲಿ

ಹರಿಹರ ಸ್ಟೇಷನ್

ಜರ್ಮನಿಗೆ ಹೊರಟ ನಮ್ಮಿಬ್ಬರ ಮೊದಲ ಜಗಳ ಹರಿಹರ ಸ್ಟೇಷನ್ನಿನ ಬೆಂಚಿನ ಮೇಲೆಯೇ ಆಗಿಹೋಯಿತು. ಜಗಳದ ವಿಷಯ ಕಡಕ್ ರೊಟ್ಟಿ. ನನ್ನ ಹೆಂಡತಿ ಗಿರಿಜಾ ನಲವತ್ತು ಜೋಳದ ರೊಟ್ಟಿ ತಟ್ಟಿ, ಒಣಗಿಸಿ, ಹಳೇ ಪಂಚೆಯಲ್ಲಿ ಸುತ್ತಿ, ಜೊತೆಗೆ ಶೇಂಗಾ ಚಟ್ನಿಪುಡಿಯ ಡಬ್ಬಿ ಕೊಟ್ಟಿದ್ದಳು. ಅದನ್ನು ಪೆಟ್ಟಿಗೆಯಲ್ಲಿ ಹಾಕಿದರೆ ವಿಮಾನದವರು ಎತ್ತಿ ಒಗೆಯುವ ರಭಸಕ್ಕೆ ಎಲ್ಲಾ ನುಚ್ಚಾಗುತ್ತದೆ, ಕೈಯಲ್ಲೇ ಒಯ್ಯಬೇಕು ಎಂಬುದು ನನ್ನ ಹಟ. ಆದರೆ ಕೈಚೀಲದಲ್ಲಿ ನನ್ನ ಜೊತೆ ಹೊರಟ ಗೆಳೆಯ ಜಯಶೀಲನ ಪ್ರಸಂಗದ, ಅಂದರೆ ಅಲ್ಲಿನ ಚರ್ಚಿನಲ್ಲಿ ಮಾಡಬೇಕಾದ ಉಪದೇಶದ, ಫೈಲ್ ಕೂತಿತ್ತು.

"ಹಾಳೆ ಮುರಿಯಲ್ಲ, ರೊಟ್ಟಿ ಮುರೀತಾವೆ. ಫೈಲ್ ಪೆಟ್ಟಿಗೇಲಿ ಹಾಕು," ಎಂದೆ.

"ಲೇ ಮಲ್ಲಿ, ಅದು ಹೋತು ಅಂದ್ರೆ ಅಲ್ಲಿ ನಾನು ಬಾಯಿ ಬಿಡಾಕೂ ಆಗಲ್ಲ."

"ತಳದಾಗೆ ಹಾಕು, ಎಲ್ಲಿ ಹೋಗ್ತೈತೆ?"

ನಮ್ಮ ಕಡೆ ಬೆಲೆಯುಳ್ಳದ್ದೆಲ್ಲ ಪೆಟ್ಟಿಗೆಯ ತಳಕ್ಕೇ ಹೋಗುತ್ತದೆ. ಜಯಶೀಲ ಗೊಣಗುತ್ತಲೇ ಫೈಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಇಬ್ಬರ ಬಟ್ಟೆಗಳ ಅಡಿಗೆ ತುರುಕಿ, ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿದ. ನಾನು ರೊಟ್ಟಿಯ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೆ.

ಜಯಶೀಲ ಹರಿಹರದ ಒಂದು ಸಣ್ಣ ಸಭೆಯ ಪಾದ್ರಿ. ನಾನು ಆವರಗೆರೆಯಲ್ಲಿ ಹುಟ್ಟಿ, ಹರಿಹರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಈಗ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಪಿಂಚಣಿ ಎಣಿಸುವ ಮಲ್ಲಿಕಾರ್ಜುನಪ್ಪ, ಕೊರಳಲ್ಲಿ ಲಿಂಗ ಕಟ್ಟಿದವನು. ನಮ್ಮ ಸ್ನೇಹಕ್ಕೆ ಮೂವತ್ತು ವರ್ಷ. ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನ ಚರ್ಚಿನವರು ಅವನನ್ನು ತಮ್ಮ ವಾರ್ಷಿಕ ಕೂಟಕ್ಕೆ ಕರೆದಿದ್ದರು. ಮಿಷನ್ ಕೆಲಸಕ್ಕೆ ಬೈಬಲ್ಲಿನಲ್ಲಿ ಆಧಾರವೇನು ಎಂಬುದರ ಮೇಲೆ ಅವನು ಮಾತಾಡಬೇಕು. ಅವನ ಇಂಗ್ಲಿಷ್ 'ಥ್ಯಾಂಕ್ಯೂ ಸರ್' ದಾಟುವುದಿಲ್ಲ. ಹಾಗಾಗಿ ದುಭಾಷಿ ನಾನು.

ವಾಕಿಂಗಿನಲ್ಲಿ ಸಿಗುವ ಬಡಾವಣೆಯ ಗೆಳೆಯರಿಗೆ ಇದು ಹಬ್ಬವಾಯಿತು. "ಮೇಷ್ಟ್ರೇ, ಹೋಗೋವಾಗ ಮಲ್ಲಿಕಾರ್ಜುನಪ್ಪ, ಬರೋವಾಗ ಮಾರ್ಕ್ ಆಗಿ ಬರಬ್ಯಾಡ್ರಿ ಮತ್ತೆ!"

ನಾನೂ ನಕ್ಕೆ. ಆದರೆ ಒಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಎರಡು ತಿಂಗಳು ಕೂತು ಆ ಪ್ರಸಂಗದ ಹನ್ನೆರಡು ಪುಟಗಳನ್ನು ಇಂಗ್ಲಿಷಿಗೆ ಇಳಿಸಿದ್ದೆ. ನಿನ್ನಿಂದ ಎಲ್ಲ ಕುಲಗಳಿಗೂ ಒಳ್ಳೆಯದಾಗುತ್ತದೆ ಎಂದು ಅಬ್ರಹಾಮನಿಗೆ ಸಿಕ್ಕ ಮಾತು, ಯಾರನ್ನು ಕಳಿಸಲಿ ಎಂದಾಗ ನಾನಿದ್ದೇನೆ ಎಂದು ಎದ್ದ ಪ್ರವಾದಿ, ಸಮುದ್ರದಾಚೆಯವನೊಬ್ಬ ಬಂದು ಸಹಾಯ ಮಾಡಿ ಎಂದು ಕರೆದಂತೆ ಪೌಲನಿಗೆ ಬಿದ್ದ ಕನಸು, ಕೊನೆಗೆ ಬೆಟ್ಟದ ಮೇಲೆ ಶಿಷ್ಯರಿಗೆ ಸಿಕ್ಕ ಅಪ್ಪಣೆ. ನನಗೆ ಹಿಡಿಸಿದವನು ಹೋಗು ಎಂದ ಕಡೆಗೆ ಹೋಗದೆ ಹಡಗು ಹತ್ತಿ ಉಲ್ಟಾ ಓಡಿದ ಯೋನ ಒಬ್ಬನೇ. ಉಳಿದದ್ದೆಲ್ಲ ಒಂದೇ ಮಾತು: ಹೋಗಿ, ಹೇಳಿ, ಎಲ್ಲರನ್ನೂ ಶಿಷ್ಯರನ್ನಾಗಿ ಮಾಡಿ. ಒಂದು ಮಧ್ಯಾಹ್ನ ನನ್ನ ಪೆನ್ನು ನಿಂತೇಹೋಯಿತು. ಇದು ಇವನ ಬದುಕಿನ ಕೆಲಸವಾದರೆ, ಮೂವತ್ತು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಮಕ್ಕಳ ಮದುವೆಯಲ್ಲಿ ಬಡಿಸಿದ ಈ ಮನುಷ್ಯನಿಗೆ ನಾನು ಯಾರು? ಗೆಳೆಯನೋ, ಮುಗಿಯದೆ ಉಳಿದ ಕೆಲಸವೋ?

ಕೇಳಲು ಧೈರ್ಯ ಬರಲಿಲ್ಲ. ಹೌದು, ಕೆಲಸವೇ ಅಂದುಬಿಟ್ಟರೆ ಆಮೇಲೆ ಅವನ ಮುಖ ಹೇಗೆ ನೋಡಲಿ?

ವಿಮಾನ ಬದಲಿಸಿದ ಊರು

ನಡುದಾರಿಯಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವಾಗ ತಪಾಸಣೆಯ ಬಾಗಿಲು ನನ್ನನ್ನು ಕಂಡು ಕೂಗಿಕೊಂಡಿತು. ಲಿಂಗದ ಬೆಳ್ಳಿ ಕರಡಿಗೆ. ಆ ಹುಡುಗ ಅಧಿಕಾರಿ ತೆಗೆದು ತಟ್ಟೆಯಲ್ಲಿ ಇಡಿ ಎಂದು ಸನ್ನೆ ಮಾಡಿದ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಆ ಹೊತ್ತಿಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆ.

ಆಚೆ ದಾಟಿ ಹೋಗಿದ್ದ ಜಯಶೀಲ ಬರಿಗಾಲಲ್ಲಿ, ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ವಾಪಸ್ ಓಡಿಬಂದ. "ಸರ್! ಹಿಸ್ ಗಾಡ್, ಸರ್! ಸ್ಮಾಲ್ ಗಾಡ್! ನೋ ಟಚ್, ಸರ್, ಪ್ಲೀಸ್!" ಎಂದು ಕೈಮುಗಿದ. ಅವನ ಕೊರಳಿನ ಶಿಲುಬೆ ನೋಡಿ, ನನ್ನ ಕರಡಿಗೆ ನೋಡಿ, ಆ ಹುಡುಗನಿಗೆ ಏನು ಅನ್ನಿಸಿತೋ. ಒಂದು ಕೈಯಂತ್ರ ತರಿಸಿ, ಮುಟ್ಟದೆ, ಸುತ್ತ ಆಡಿಸಿ ಕಳಿಸಿಕೊಟ್ಟ.

"ಸ್ಮಾಲ್ ಗಾಡ್ ಅಂದ್ಯಲ್ಲಲೇ," ಎಂದೆ, ಆಚೆ ದಾಟಿದ ಮೇಲೆ.

"ಸೈಜ್ ಹೇಳಿದ್ನಪ್ಪ, ಸಿಟ್ಟಾಗಬ್ಯಾಡ."

ಜರ್ಮನಿಯಲ್ಲಿ ಇಳಿದು ಸಾಮಾನು ಬರುವ ಪಟ್ಟಿಯ ಮುಂದೆ ನಿಂತೆವು. ಎಲ್ಲರ ಪೆಟ್ಟಿಗೆಗಳೂ ಬಂದವು. ಕೊನೆಗೆ ಒಂದು ಮಕ್ಕಳ ತಳ್ಳುಗಾಡಿ ಮಾತ್ರ ನಾಲ್ಕು ಸುತ್ತು ಹಾಕಿ, ಪಟ್ಟಿ ನಿಂತಿತು. ನಮ್ಮ ಹಗ್ಗ ಬಿಗಿದ ಪೆಟ್ಟಿಗೆ ಇಲ್ಲ. ನನ್ನ ಇಂಗ್ಲಿಷ್ ಅನುವಾದವೂ ಅದೇ ಫೈಲಿನಲ್ಲಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ಆಮೇಲೆ ಎಲ್ಲರೂ ಬುದ್ಧಿ ಹೇಳಿದರು. ಕೌಂಟರಿನ ಹೆಂಗಸು, ಒಳಗೆ ಮುಖ್ಯವಾದದ್ದೇನಿದೆ ಎಂದು ಕೇಳಿದಾಗ ಜಯಶೀಲ ಗಂಭೀರವಾಗಿ "ಪ್ರಸಂಗ" ಎಂದ. ನಾನು 'ಕಾಗದಪತ್ರ' ಎಂದು ಬರೆಸಿದೆ.

ನನ್ನ ಕೈಯಲ್ಲಿ ರೊಟ್ಟಿ, ಒಂದೂ ಮುರಿದಿರಲಿಲ್ಲ. ಅವನ ಮುಖ ನೋಡಲಾಗದೆ ನೆಲ ನೋಡಿದೆ.

"ಚೀಲ ತಗೊಂಡು ಹೋಗಬ್ಯಾಡ್ರಿ ಅಂತಾನೇ ಅವತ್ತು ಸ್ವಾಮಿ ತನ್ನ ಶಿಷ್ಯರನ್ನ ಕಳಿಸಿದ್ದು. ನಾವು ಪೆಟ್ಟಿಗೆ ಕಟ್ಟಿಕೊಂಡು ಬಂದ್ವಿ," ಎಂದ ಅವನು ತಣ್ಣಗೆ.

"ರೊಟ್ಟಿ ಬಗ್ಗೆ ಏನು ಬರೆದೈತೆ?"

"ಅದನ್ನೂ ಬ್ಯಾಡ ಅಂತಾನೇ ಬರೆದೈತೆ."

ಶುಕ್ರವಾರ, ಎಲ್ಸೆಯಮ್ಮನ ಮನೆ

ನಮ್ಮನ್ನು ಇಳಿಸಿಕೊಂಡಾಕೆ ಎಲ್ಸೆ, ಎಪ್ಪತ್ತೈದು ದಾಟಿದ, ಒಂದಿಷ್ಟು ಇಂಗ್ಲಿಷ್ ಬಲ್ಲ ವಿಧವೆ. ನಾವು ಅವರನ್ನು ಎಲ್ಸೆಯಮ್ಮ ಎಂದೇ ಕರೆದೆವು. ಅವರಿಗೂ ಒಗ್ಗಿಹೋಯಿತು. ಬದಲಿ ಬಟ್ಟೆಯಿಲ್ಲದೆ ಬಂದ ನಮಗೆ ಗತಿಸಿದ ಗಂಡನ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಂಚದ ಮೇಲೆ ಜೋಡಿಸಿಟ್ಟರು. ಆ ಮಹಾನುಭಾವ ಆರಡಿಯ ಮೇಲಿದ್ದಿರಬೇಕು. ಜಯಶೀಲ ಪ್ಯಾಂಟನ್ನು ನಾಲ್ಕು ಮಡಿಕೆ ಮಡಿಚಿದರೂ ಹಿಮ್ಮಡಿಯಲ್ಲಿ ತುಳಿಯುತ್ತಿದ್ದ.

ಸಂಜೆ ಆರಕ್ಕೆ ಮೇಜಿನ ಮೇಲೆ ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ ಬಂದವು. ಒಲೆ ಹಚ್ಚಿದ ಲಕ್ಷಣ ಇರಲಿಲ್ಲ. ಇದು ಸಂಜೆಯ ತಿಂಡಿ ಎಂದುಕೊಂಡೆವು. ರಾತ್ರಿ ಊಟಕ್ಕೆ ಹೊಟ್ಟೆಯಲ್ಲಿ ಜಾಗವಿರಲಿ ಎಂದು ತಲಾ ಒಂದು ತುಂಡು ತಿಂದು, ಸಾಕು ಸಾಕು ಎಂದು ಮರ್ಯಾದೆಗೆ ಕೈ ಅಡ್ಡ ಹಿಡಿದೆವು. ನಮ್ಮಲ್ಲಾದರೆ ಅಡ್ಡ ಹಿಡಿದ ಕೈಯ ಮೇಲೂ ಇನ್ನೊಂದು ಬಡಿಸುತ್ತಾರೆ. ಎಲ್ಸೆಯಮ್ಮ ಸಾಕೆಂದರೆ ಸಾಕು ಎಂದೇ ತಿಳಿದು ತಟ್ಟೆ ಎತ್ತಿದರು. ಆಮೇಲೆ ಹಜಾರದಲ್ಲಿ ಕೂತು ಊಟಕ್ಕೆ ಕಾದೆವು. ಹೊರಗೆ ನಮ್ಮ ಐದು ಗಂಟೆಯಂಥ ಬಿಸಿಲು. ಎಂಟಕ್ಕೆ ಅವರು ಮೇಜು ಒರೆಸಿ, ಶುಭರಾತ್ರಿ ಹೇಳಿ, ಮೆಟ್ಟಿಲು ಹತ್ತಿದರು. ಊಟ ಮುಗಿದು ಎರಡು ಗಂಟೆಯಾಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಕೋಣೆಗೆ ಹೋಗಿ ರೊಟ್ಟಿಯ ಗಂಟು ಬಿಚ್ಚಿದೆವು. ಆ ಊರಿನ ನಿಶ್ಶಬ್ದ ಎಂಥದೆಂದರೆ ನಾನು ಮೊದಲ ರೊಟ್ಟಿ ಮುರಿದದ್ದು ಮಹಡಿಯವರೆಗೂ ಕೇಳಿಸಿತು. ಬಾಗಿಲು ತಟ್ಟಿದ ಸದ್ದಾಯಿತು. ಏನೋ ಒಡೆಯಿತೆಂದು ಗಾಬರಿಯಾಗಿ ಬಂದಿದ್ದ ಎಲ್ಸೆಯಮ್ಮನ ಕೈಗೆ ಜಯಶೀಲ ಒಂದು ರೊಟ್ಟಿ, ಚಟ್ನಿಪುಡಿ ಕೊಟ್ಟ. ಅವರು ಮಂಚದ ತುದಿಗೆ ಕೂತು, ಕಣ್ಣಲ್ಲಿ ನೀರು ಬರುತ್ತಿದ್ದರೂ ಪೂರ್ತಿ ತಿಂದು, ಇನ್ನರ್ಧ ಕೇಳಿದರು. ನಮ್ಮ ಸಂಕೋಚವೆಲ್ಲ ಅಲ್ಲಿಗೆ ಹೋಯಿತು.

ಶನಿವಾರ, ಸಮಾಧಿಗಳ ತೋಟ

ಬೆಳಿಗ್ಗೆ ನಮ್ಮನ್ನು ಸಮಾಧಿಗಳಿರುವ ಜಾಗಕ್ಕೆ ಕರೆದುಕೊಂಡು ಹೋದರು. ಅತಿಥಿಗಳನ್ನು ಇಂಥ ಕಡೆ ಕರೆತರುವುದೇ ಎಂದು ನನಗೆ ಕಸಿವಿಸಿ. ಆದರೆ ಅದು ತೋಟವೇ. ಮುದುಕಿಯರು ನೀರಿನ ಕ್ಯಾನು ಹಿಡಿದು, ಒಬ್ಬರಿಗೊಬ್ಬರು ಹರಟುತ್ತ, ತಂತಮ್ಮವರ ಮೇಲಿನ ಗಿಡಗಳ ಕಳೆ ಕೀಳುತ್ತಿದ್ದರು. ನಾವು ಮಣ್ಣು ಮಾಡಿ ಬಂದ ಜಾಗಕ್ಕೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಇವರು ವಾರವಾರ ಹೋಗಿ ಊರಿನ ಸುದ್ದಿ ಹೇಳಿ ಬರುವ ಹಾಗೆ ಕಂಡಿತು.

ಪಾಚಿಗಟ್ಟಿದ ಒಂದು ಕಲ್ಲಿನ ಮುಂದೆ ಎಲ್ಸೆಯಮ್ಮ ನಿಂತರು. ಅವರ ಮುತ್ತಜ್ಜನ ತಮ್ಮನದು. ಹರೆಯದಲ್ಲಿ ನಮ್ಮ ಕನ್ನಡದ ಕಡೆಗೆ ಮಿಷನರಿಯಾಗಿ ಹೋಗಿ, ಕೆಲವೇ ವರ್ಷಕ್ಕೆ ಜ್ವರದಿಂದ ಸೊರಗಿ ಹಿಂತಿರುಗಿ, ಇಲ್ಲೇ ತೀರಿಕೊಂಡನಂತೆ. ಅವನಿಂದ ಮನೆಯಲ್ಲಿ ಉಳಿದದ್ದು ಒಂದೇ ಮಾತು. ಅರ್ಥ ಯಾರಿಗೂ ಗೊತ್ತಿಲ್ಲ, ಊಟದ ಮೇಜಿಗೆ ಕೂರುವಾಗ ಮಕ್ಕಳು ಮರಿ ಎಲ್ಲರೂ ಹೇಳುತ್ತಾರೆ ಎಂದು, ಸ್ವಲ್ಪ ನಾಚಿಕೊಂಡು, ಅವರು ಆ ಮಾತು ಆಡಿ ತೋರಿಸಿದರು:

"ಊಟಾಯ್ತಾ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಥ ಹೇಳಿದೆ. ದೇವರ ಹೆಸರೇನೋ ಇರಬೇಕು ಎಂದುಕೊಂಡಿದ್ದೆ ಎನ್ನುತ್ತ ಅವರು ಬೆಂಚಿನ ಮೇಲೆ ಕೂತರು. "ಅವನು ಬರೆದ ಕಾಗದಗಳಲ್ಲಿ ಒಬ್ಬರೂ ತನ್ನ ಮಾತು ಕೇಳಿ ಬರಲಿಲ್ಲ ಎಂಬ ಕೊರಗೇ ಇದೆ. ಹಾಗಾದರೆ ಅವನು ಹೋದದ್ದು ಯಾತಕ್ಕೆ?" ಎಂದರು.

ಜಯಶೀಲನಿಗೆ ಕನ್ನಡದಲ್ಲಿ ಹೇಳಿದೆ. ಅವನು ಕ್ಯಾನು ಎತ್ತಿಕೊಂಡು ಹೋಗಿ ನೀರು ತಂದು ಆ ಗಿಡಗಳಿಗೆ ಹಾಕಿದ.

ಭಾನುವಾರ, ಚರ್ಚು

ಪೆಟ್ಟಿಗೆಯ ಸುದ್ದಿಯಿಲ್ಲ. ಸತ್ತವರ ಕೋಟಿನ ತೋಳಿನಿಂದ ಬೆರಳತುದಿ ಮಾತ್ರ ಕಾಣುವಂತೆ ಜಯಶೀಲ ನಿಂತ. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ನನ್ನ ಇಂಗ್ಲಿಷನ್ನು ಜರ್ಮನ್ನಿಗೆ ತಿರುಗಿಸಲು ಕಾತ್ರಿನ್ ಎಂಬ ಶಾಲಾ ಶಿಕ್ಷಕಿ. ಕಾಗದವಿಲ್ಲದೆ ಇವನು ಹನ್ನೆರಡು ಪುಟ ಹೇಗೆ ಎಳೆಯುತ್ತಾನೆ ಎಂಬುದೇ ನನ್ನ ಚಿಂತೆಯಾಗಿತ್ತು.

ಅವನು ಹನ್ನೆರಡೂ ಪುಟ ಬಿಟ್ಟುಬಿಟ್ಟ.

"ಹೋಗ್ರಿ ಅಂತ ಹೇಳಿದ್ದು ಎಲ್ಲರಿಗೂ ನೆನಪೈತೆ," ಎಂದು ಶುರುಮಾಡಿದ. "ಹೋದ ಮೇಲೆ ಹೆಂಗಿರಬೇಕು ಅಂತ ಹೇಳಿದ್ದು ಮರ್ತೀವಿ." ಸ್ವಾಮಿ ಎಪ್ಪತ್ತು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಕಥೆ ಹೇಳಿದ. ಚೀಲ ಬೇಡ, ಕಾಲಿಗೆ ಜೋಡು ಬೇಡ. ಯಾವ ಮನೆಗೆ ಹೋದರೂ ಮೊದಲು ಈ ಮನೆಗೆ ಶಾಂತಿ ಅನ್ನಿ. ಇಟ್ಟದ್ದನ್ನು ಉಣ್ಣಿ. ಅದೇ ಮನೆಯಲ್ಲಿರಿ, ಮನೆಯಿಂದ ಮನೆಗೆ ಹೋಗಬೇಡಿ. "ಬರಿಗೈಲಿ ಯಾಕ ಕಳಿಸಿದ? ಹೋದ ಕಡೆ ಕೇಳಿ ಉಣ್ಣಲಿ ಅಂತ. ಹೊಟ್ಟೆ ಹಸಿದೋನು ಎದುರಿಗಿರೋರನ್ನ ಕೀಳಾಗಿ ನೋಡಲ್ಲ. ನಮ್ಮ ಪೆಟ್ಟಿಗೆ ಕಳೆದು ದೇವರು ನನಗೆ ಅದನ್ನ ಮತ್ತೆ ಓದಿಸಿದ."

ನಗು ಎರಡು ಕಂತಿನಲ್ಲಿ ಬಂತು. ಇಂಗ್ಲಿಷ್ ಬಲ್ಲವರು ಮೊದಲು, ಉಳಿದವರು ಕಾತ್ರಿನ್ ಮುಗಿಸಿದ ಮೇಲೆ.

ಆಮೇಲೆ ಅವನು, ನನಗೆ ಮುನ್ಸೂಚನೆಯಿಲ್ಲದೆ, ಆವರಗೆರೆಗೆ ಹೋದ. "ಮೂವತ್ತು ವರ್ಷದ ಹಿಂದೆ ಕರಪತ್ರದ ಕಟ್ಟು ಸೈಕಲ್ಲಿಗೆ ಹಾಕ್ಕೊಂಡು ಒಂದು ಹಳ್ಳಿಗೆ ಹೋದೆ. ಉರಿಬಿಸಿಲು, ಸೈಕಲ್ ಪಂಕ್ಚರ್. ಒಬ್ಬ ತಾಯಿ ಕರೆದು, ಮೊದ್ಲು ಉಣ್ಣಪ್ಪ, ಆಮ್ಯಾಲೆ ನಿನ್ನ ದೇವ್ರ ವಿಷ್ಯ ಹೇಳು ಅಂದ್ಲು. ಅವತ್ತು ಕಟ್ಟೆ ಮೇಲೆ ಕೂರಿಸಿ, ಬ್ಯಾರೆ ತಟ್ಟೇಲಿ ಹಾಕಿದ್ಲು. ಒಳಗೆ ಕರೆಯಾಕೆ ಎರಡು ವರ್ಷ ಹಿಡೀತು. ಆದ್ರೆ ಉಣ್ಣಿಸೋದು ಬಿಡಲಿಲ್ಲ. ಆಕೆ ಇವನ ತಾಯಿ."

ಎಲ್ಲರೂ ನನ್ನತ್ತ ನೋಡಿದರು. ನನ್ನವ್ವ, ಕಟ್ಟೆ, ಬೇರೆ ತಟ್ಟೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಆ ತಾಯಿ ಅವನನ್ನು ಮನೆಗೆ ಕರೆದು ಉಣ್ಣಿಸಿದಳು, ಆಕೆ ನನ್ನ ತಾಯಿ. ಕಟ್ಟೆಯನ್ನು ನುಂಗಿಬಿಟ್ಟೆ.

ಮಾತು ಮುಗಿದು ಪಕ್ಕದ ಸಭಾಂಗಣದಲ್ಲಿ ಕಾಫಿ, ಕೇಕು, ಪ್ರಶ್ನೆಗಳು. ಎಲ್ಸೆಯಮ್ಮ ಎದ್ದು ನಿಂತು ಜರ್ಮನ್ನಿನಲ್ಲಿ ನಿಧಾನವಾಗಿ ಏನೋ ಕೇಳಿದರು. ಕಾತ್ರಿನ್ ನನ್ನತ್ತ ತಿರುಗಿ, ಕ್ಷಮಿಸಿ ಎಂದು ಮೊದಲು ಹೇಳಿ, ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೊಟ್ಟಳು. "ಪಾದ್ರಿಗಳೇ, ಮೂವತ್ತು ವರ್ಷದಿಂದ ಈ ಗೆಳೆಯರು ನಿಮ್ಮ ಪಕ್ಕದಲ್ಲಿದ್ದಾರೆ. ಇವರಿಗೆ ದೇವರ ಮಾತು ಹೇಳಿದಿರಾ? ಹೇಳಿಯೂ ಇವರು ಬರಲಿಲ್ಲವೆಂದರೆ ನಿಮ್ಮ ಕೆಲಸ ಏನಾಯಿತು?"

ಆ ಸಭಾಂಗಣದಲ್ಲಿ ಪ್ರಶ್ನೆ ಮುಟ್ಟದೆ ಉಳಿದವನು ಜಯಶೀಲ ಒಬ್ಬನೇ. ಅವನು ಕೇಕಿನ ತಟ್ಟೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಎರಡು ತಿಂಗಳು ನನ್ನಿಂದ ಕೇಳಲಾಗದ್ದನ್ನು ಈಗ ನನ್ನ ಬಾಯಿಂದಲೇ ಕೇಳಬೇಕು. ಬೇರೆ ಏನಾದರೂ ಕೇಳಿಬಿಡಲೇ, ಹರಿಹರದಲ್ಲಿ ಚಳಿ ಎಷ್ಟು ಎಂದು? ಯಾರಿಗೆ ಗೊತ್ತಾಗುತ್ತದೆ? ಆದರೆ ಸಮಾಧಿಯ ಮುಂದೆ ಕೂತ ಆ ಮುದುಕಿಯ ಮುಖ ನೆನಪಾಯಿತು. ಇದು ನನ್ನೊಬ್ಬನ ಪ್ರಶ್ನೆಯಲ್ಲ. ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

ಅವನು ತಟ್ಟೆ ಕೆಳಗಿಟ್ಟ.

"ಹೇಳೀನಮ್ಮ. ಒಂದ್ಸಲ, ಪೂರಾ ಹೇಳೀನಿ. ಇವನು ಒಂದು ಮಾತೂ ಅಡ್ಡ ಹಾಕದೆ ಕೇಳಿದ. ಆಮ್ಯಾಲೆ ಊಟಕ್ಕೆ ಏಳು ಅಂದ. ಅವತ್ತಿಂದ ಉಣ್ತಾ ಇದೀನಿ. ದೇವರು ನನಗೆ ಹೇಳು ಅಂದಿದ್ದಾನೆ, ಎಳ್ಕೊಂಡು ಬಾ ಅಂದಿಲ್ಲ. ನಿಮ್ಮಜ್ಜನೂ ಅಷ್ಟೇ ಮಾಡಿರಬೇಕು. ಎಷ್ಟು ಮಂದಿ ಬಂದ್ರು ಅನ್ನೋದು ಅವನ ಕೆಲಸ ಅಲ್ಲ. ಅವನ್ನ ಯಾರೋ ಊಟಾಯ್ತಾ ಅಂತ ದಿನಾ ಕೇಳಿದಾರೆ. ಇಲ್ಲಾಂದ್ರೆ ಆ ಮಾತು ಈ ಊರಿಗೆ ಬರ್ತಿರಲಿಲ್ಲ."

ಇಷ್ಟನ್ನು ನಾನೂ ಕಾತ್ರಿನ್ನೂ ದಾಟಿಸಿ ಮುಗಿಸಿದೆವು. ಎಲ್ಸೆಯಮ್ಮ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆದರೆ ಅವನದು ಇನ್ನೂ ಮುಗಿದಿರಲಿಲ್ಲ. ನನ್ನತ್ತ ನೋಡದೆ ಹೇಳಿದ:

"ಸುಳ್ಳು ಹೇಳಲ್ಲ. ಇವನು ಬಂದ್ರೆ ನನಗೆ ಭಾಳ ಸಂತೋಷ. ದಿನಾ ಪ್ರಾರ್ಥನೇಲಿ ಕೇಳ್ತೀನಿ. ಬರಲಿಲ್ಲ ಅಂದ್ರೂ ಇವನ ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗಲ್ಲ."

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಅದೂ ನಾನು ಅಂಜಿದ ಉತ್ತರವೇ. ಹೌದು, ಅವನಿಗೆ ಆಸೆಯಿದೆ. ಎದೆ ಒಡೆಯುತ್ತದೆ ಎಂದುಕೊಂಡಿದ್ದೆ. ಬದಲಿಗೆ ಮುಳ್ಳು ತೆಗೆದ ಅಂಗಾಲಿನ ಹಾಗೆ ನಿರಾಳವಾಯಿತು. ಅವನ ಮಾತನ್ನು ಪೂರ್ತಿ, ಆಸೆ ಸಮೇತ, ಇಂಗ್ಲಿಷಿಗೆ ದಾಟಿಸಿದೆ.

ಭಾನುವಾರ ಮಧ್ಯಾಹ್ನ, ಹೊಳೆ ದಂಡೆ

ಪೆಟ್ಟಿಗೆ ಬಂದದ್ದು ಮಂಗಳವಾರ, ಹಗ್ಗದ ಗಂಟು ಸಹ ಸಡಿಲವಾಗದೆ. ಫೈಲನ್ನು ಇಬ್ಬರೂ ಬಿಚ್ಚಲಿಲ್ಲ. ಹೇಳಬೇಕಾದದ್ದು ಭಾನುವಾರ ಚರ್ಚಿನಿಂದ ಮನೆಗೆ ನಡೆಯುವ ದಾರಿಯಲ್ಲೇ ಮುಗಿದಿತ್ತು.

ಅಲ್ಲೊಂದು ಹೊಳೆ. ನಮ್ಮ ತುಂಗಭದ್ರೆಯ ಮುಂದೆ ಅದು ಕಾಲುವೆ. ಬಟ್ಟೆ ಒಗೆಯುವವರಿಲ್ಲ, ಎಮ್ಮೆಗಳಿಲ್ಲ, ಬಾತುಕೋಳಿಗಳು ಮಾತ್ರ ಸಾಲಾಗಿ ಹೋಗುತ್ತಿದ್ದವು. ಜಯಶೀಲ ಎರಡೂ ಕೈಯಲ್ಲಿ ಪ್ಯಾಂಟೆತ್ತಿ ಹಿಡಿದು ನಡೆಯುತ್ತಿದ್ದ.

"ನನ್ನ ಕಡೇ ಮಾತು ಪೂರಾ ಹೇಳಿದ್ಯೋ, ನುಂಗಿದ್ಯೋ?"

"ಪೂರಾ ಹೇಳಿದೆ."

"ಕಟ್ಟೆ ವಿಷ್ಯ?"

ನಾನು ಬಾತುಕೋಳಿಗಳ ಕಡೆ ತಿರುಗಿದೆ.

"ನಾನು ಅಷ್ಟುದ್ದ ಹೇಳಿದ್ರೆ ನೀನು ಇಷ್ಟಿಷ್ಟೇ ಹೇಳಿದೆ. ಅವಾಗ್ಲೇ ಗೊತ್ತಾತು," ಎಂದು ನಕ್ಕ.

"ನಾಚಿಕೆ ಆತು ಕಣೋ. ಅವ್ವ ಅಷ್ಟೇ ಅಲ್ಲ. ಅವತ್ತು ನಾನೂ ಬಾಗಿಲಾಗೆ ನಿಂತಿದ್ದೆ. ಒಳಗೆ ಬಾ ಅನ್ನಬೌದಿತ್ತು. ಅನ್ನಲಿಲ್ಲ."

ಅವನು ಜಾರುತ್ತಿದ್ದ ಪ್ಯಾಂಟನ್ನು ಮತ್ತೆ ಮೇಲೆತ್ತಿಕೊಂಡ. "ಮೂವತ್ತು ವರ್ಷ ಆತು, ಇವತ್ತು ಹೇಳ್ತಾ ಇದೀಯ."

"ನೀನೂ ಇವತ್ತೇ ಹೇಳಿದ್ದಲ್ಲ, ದಿನಾ ಕೇಳ್ತೀನಿ ಅಂತ."

"ಹೂಂ."

ಇನ್ನೊಂದು ಉಳಿದಿತ್ತು. ಹೇಳದೆ ಮನೆ ಸೇರಿದರೆ ಮತ್ತೆ ಮೂವತ್ತು ವರ್ಷ ಹೇಳುವುದಿಲ್ಲ, ಅಷ್ಟು ವರ್ಷ ನಮ್ಮಲ್ಲಿ ಉಳಿದೂ ಇಲ್ಲ ಎನಿಸಿ ನಿಂತೆ.

"ಜಯಶೀಲ, ನಾನು ಬರಲ್ಲ. ಎಷ್ಟು ಕೇಳಿದ್ರೂ ಬರಲ್ಲ."

ಅವನು ತಿರುಗಿ ನೋಡಿದ. ಪ್ಯಾಂಟು ಕೈಬಿಟ್ಟು ಹಿಮ್ಮಡಿಯ ಕೆಳಗೆ ಬಿತ್ತು.

"ಗೊತ್ತೈತೆ ಬಿಡೋ," ಎಂದ. "ನನಗಿದ್ದ ಭಯ ಅದಲ್ಲ. ನಾನು ದಿನಾ ಕೇಳ್ತೀನಿ ಅನ್ನೋದು ಗೊತ್ತಾದ್ರೆ, ನೀನು ನನ್ನ ಊಟಕ್ಕೆ ಕರೆಯೋದು ಬಿಡ್ತೀಯ ಅಂತ ಇತ್ತು."